ಕಡಲು ಬಿಟ್ಟ ನೆಲಕ್ಕೆ ಹಕ್ಕುಪತ್ರ

ಕೊಡಲಿ ಬೀಸಿ ಕರಾವಳಿಯನ್ನು ಪಡೆದ ಪರಶುರಾಮನ ಕತೆಯನ್ನು ಕಾಸರಗೋಡು ಯಾವಾಗ ಅಕ್ಷರಶಃ ನಂಬಿತು, ಯಾವಾಗ ಬರೀ ಕತೆಯಾಗಿ ಕೇಳಿತು?

ಲೆಕ್ಕ ಸರಿಹೋಗುವುದಿಲ್ಲ. ದಶಾವತಾರದಲ್ಲಿ ವಾಮನ ಐದನೆಯವನು, ಪರಶುರಾಮ ಆರನೆಯವನು. ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನೆಲವನ್ನು ಸಮುದ್ರದ ಕೈಯಿಂದ ಬಿಡಿಸಿದವನು ಪರಶುರಾಮನೇ ಆದರೆ, ಅವನಿಗಿಂತ ಮೊದಲು ವಾಮನನ ಪಾದಕ್ಕೆ ತಲೆಯೊಡ್ಡಿ ಪಾತಾಳಕ್ಕಿಳಿದ ಬಲಿ ಇಲ್ಲಿ ಆಳಿದ್ದು ಯಾವುದನ್ನು? ಬರೀ ನೀರನ್ನೇ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಕಟ್ಟೆಯ ಮೇಲೆ ಕುಳಿತವರ ತಮಾಷೆ. ನಿದ್ದೆಗೆಟ್ಟವರು ಯಾರೂ ಇಲ್ಲ. ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಓಣಂ ದಿನ ಬಲಿಗಾಗಿ ಹೂವಿನ ಕಳ ಹಾಕುತ್ತಾರೆ. ಉತ್ತರದ ತುಳು-ಕನ್ನಡ ಮನೆಗಳಲ್ಲಿ ದೀಪಾವಳಿಯ ರಾತ್ರಿ ಅಂಗಳದಲ್ಲಿ ಹಾಲೆಮರದ ಕೊಂಬೆ ನೆಟ್ಟು, ದೀಪವಿಟ್ಟು, ಅವಲಕ್ಕಿ ಎರಚಿ, ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಹೊಸದುರ್ಗದ ಕಡೆ ಅದೇ ಹಬ್ಬ ಪೊಲಿಯಂದ್ರ. ಎಂದೂ ಆಗದ ಸಂಗತಿಗಳೆಲ್ಲ ಆದ ದಿನ ನೀನು ಮರಳಿ ಬಾ ಎಂದೇ ಆ ಕೂಗು ಹೇಳುತ್ತದೆ. ಆದರೂ ವರ್ಷಕ್ಕೊಮ್ಮೆ ಕರೆಯುವುದು ತಪ್ಪುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಮನೆಯ ಪೂಜೆಯಲ್ಲಿ ಪುರೋಹಿತರು ಸಂಕಲ್ಪ ಹೇಳುವಾಗ ಮನೆಯ ವಿಳಾಸವನ್ನು ದೇವರಿಗೆ ಒಪ್ಪಿಸುತ್ತಾರೆ: ಜಂಬೂದ್ವೀಪ, ಭರತಖಂಡ, ಪರಶುರಾಮಕ್ಷೇತ್ರ. ನೆಲ ಕಳೆದುಕೊಂಡವನನ್ನು ರಾತ್ರಿ ಕರೆದದ್ದಾಯಿತು, ನೆಲ ಮಾಡಿದವನನ್ನು ಬೆಳಿಗ್ಗೆ ನೆನೆದದ್ದಾಯಿತು. ತಿಂಡಿಯ ಹೊತ್ತಿಗೆ ಎರಡೂ ಮುಗಿದಿರುತ್ತದೆ.

ನಮ್ಮಲ್ಲಿ ಹೀಗೆ ಹಗುರವಾಗಿ ತೇಲಿಹೋಗುವ ತೊಡಕು ಬೇರೆ ಕಡೆ ದೊಡ್ಡ ಜಗಳವಾಗಿದೆ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಗುದ್ದಲಿ ಹಾಕಿದ, ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನರ ಸಭೆಯನ್ನೇ ನೋಡಿ. ಭಾರತದಲ್ಲಿ ಅವರ ಮೊದಲ ದೇವಾಲಯ ಅದು. ಆ ದೇವಾಲಯಗಳ ಒಳಗಿನ ವಿಧಿಯಲ್ಲಿ ಜಗತ್ತಿನ ಸೃಷ್ಟಿ, ಆದಾಮ, ಹವ್ವ ಎಲ್ಲವೂ ಬರುತ್ತವೆ. ಮೊದಲು ಮನುಷ್ಯರೇ ವೇಷ ಹಾಕಿ ಆಡಿ ತೋರಿಸುತ್ತಿದ್ದರು, 1950ರ ದಶಕದಿಂದ ಚಲನಚಿತ್ರ ಬಂತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಪುರಾಣ ಕಲಿತ ನಮ್ಮ ಕಡೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಕ್ಕಿಲ್ಲ.

ಜಗಳ ಹುಟ್ಟಿದ್ದು ಆ ಕತೆಯನ್ನು ಎಷ್ಟರ ಮಟ್ಟಿಗೆ ನಡೆದ ಸಂಗತಿಯೆಂದು ಓದಬೇಕು ಎನ್ನುವಲ್ಲಿ. ಆ ಪಂಥದ ಎರಡನೆಯ ನಾಯಕ ಬ್ರಿಗಮ್ ಯಂಗ್, ದೇವರು ಮಣ್ಣಿನಿಂದ ಮನುಷ್ಯನನ್ನು ಅಚ್ಚು ಹೊಯ್ದ ಎನ್ನುವುದೆಲ್ಲ ಎಳೆಮಕ್ಕಳಿಗೆ ಹೇಳುವ ಮಾತು ಎಂದು 19ನೇ ಶತಮಾನದಲ್ಲೇ ತಳ್ಳಿಹಾಕಿದ್ದ. 1930ರ ಹೊತ್ತಿಗೆ ಬಿ. ಎಚ್. ರಾಬರ್ಟ್ಸ್ ಎಂಬ ಹಿರಿಯರು ಆದಾಮನಿಗಿಂತ ಮೊದಲೂ ಭೂಮಿಯಲ್ಲಿ ಜೀವವಿತ್ತು, ಸಾವಿತ್ತು ಎಂದು ಬರೆದರು. ಜೋಸೆಫ್ ಫೀಲ್ಡಿಂಗ್ ಸ್ಮಿತ್ ಎಂಬ ಇನ್ನೊಬ್ಬರು, ಹಾಗೆಂದರೆ ಶಾಸ್ತ್ರವೇ ಸುಳ್ಳಾಯಿತು ಎಂದು ಎದ್ದು ನಿಂತರು. 1931ರ ಏಪ್ರಿಲ್‌ನಲ್ಲಿ ಸಭೆಯ ಮೇಲಿನವರು ಇಬ್ಬರನ್ನೂ ಸುಮ್ಮನಾಗಿಸಿ, ಭೂವಿಜ್ಞಾನ, ಜೀವವಿಜ್ಞಾನಗಳನ್ನು ಆಯಾ ವಿದ್ವಾಂಸರಿಗೆ ಬಿಟ್ಟುಬಿಡಿ ಎಂದು ಅಪ್ಪಣೆ ಮಾಡಿದರು. ಅದೇ ಆಗಸ್ಟಿನಲ್ಲಿ ಜೇಮ್ಸ್ ಟಾಲ್ಮೇಜ್, ಅಪೊಸ್ತಲರೂ ಹೌದು ಭೂವಿಜ್ಞಾನಿಯೂ ಹೌದು, ಪಳೆಯುಳಿಕೆಗಳ ಸಾಕ್ಷ್ಯವನ್ನು ಮುಂದಿಟ್ಟು ಸಾರ್ವಜನಿಕ ಭಾಷಣ ಮಾಡಿದರು. 1976ರಲ್ಲಿ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಹವ್ವಳ ಪಕ್ಕೆಲುಬಿನ ಮಾತು ಸಾಂಕೇತಿಕ ಎಂದು ಬರೆದರು. ಪಕ್ಕೆಲುಬು ಹೋಯಿತು, ಆದಾಮ ಮಾತ್ರ ನಿಜವಾಗಿಯೇ ಉಳಿದ.

ನನಗೆ ಇದಕ್ಕಿಂತ ಕುತೂಹಲದ್ದಾಗಿ ಕಂಡದ್ದು ಒಂದು ಭೂಗೋಳದ ಸಂಗತಿ. ಮಾರ್ಮನ್ ಪರಂಪರೆಯಲ್ಲಿ ಏದನ್ ತೋಟವಿದ್ದದ್ದು ಎಲ್ಲೋ ಪಶ್ಚಿಮ ಏಷ್ಯಾದಲ್ಲಲ್ಲ, ಅಮೆರಿಕದ ಮಿಸೌರಿ ರಾಜ್ಯದ ಜಾಕ್ಸನ್ ಕೌಂಟಿಯಲ್ಲಿ. ಪಂಥ ಹುಟ್ಟಿದ್ದು 1830ರಲ್ಲಿ. 1831ರಲ್ಲೇ ಆ ಜಾಗ ತಮ್ಮ ಪುಣ್ಯನಗರಿಯ ನಡುಮಧ್ಯ ಎಂದು ಸಾರಿದರು. 1838ರಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಉತ್ತರಕ್ಕಿರುವ ಇನ್ನೊಂದು ಕಣಿವೆಯನ್ನು ತೋರಿಸಿ, ತೋಟ ಬಿಟ್ಟ ಮೇಲೆ ಆದಾಮ ಬಂದದ್ದು ಇಲ್ಲಿಗೆ ಎಂದ. ಅದೇ ವರ್ಷ ಮಿಸೌರಿಯ ಗವರ್ನರ್ ಅವರನ್ನೆಲ್ಲ ರಾಜ್ಯದಿಂದ ಓಡಿಸುವ ಆದೇಶ ಹೊರಡಿಸಿದ. ಯಾವ ನೆಲಕ್ಕಾಗಿ ಹೊಡೆದಾಟವಿತ್ತೋ ಅದೇ ನೆಲದಲ್ಲಿ ಆದಿಪುರುಷ ನಡೆದಾಡಿದ್ದ. ಇದನ್ನು ಓದಿದ ಮೇಲೆ ನಮ್ಮ ಕೊಡಲಿಯ ಕತೆಯನ್ನು ಇನ್ನೊಂದು ಸಲ ತೆಗೆದು ನೋಡಬೇಕೆನಿಸಿತು.

ದಾನ ಕೊಟ್ಟವನು ನಿಲ್ಲುವಂತಿಲ್ಲ

ಕತೆಯ ಹಳೆಯ ರೂಪ ಮಹಾಭಾರತದ ಶಾಂತಿಪರ್ವದಲ್ಲಿದೆ. ಕ್ಷತ್ರಿಯರನ್ನು ಕೊಂದು ಗೆದ್ದ ಭೂಮಿಯನ್ನೆಲ್ಲ ಪರಶುರಾಮ ಕಶ್ಯಪನಿಗೆ ದಾನ ಮಾಡುತ್ತಾನೆ. ದಾನ ತೆಗೆದುಕೊಂಡ ಕಶ್ಯಪ, ಇನ್ನು ಇಲ್ಲಿ ನಿನಗೆ ಜಾಗವಿಲ್ಲ, ಹೊರಡು ಎನ್ನುತ್ತಾನೆ. ಹೋಗುವುದೆಲ್ಲಿಗೆ? ಸಮುದ್ರ ಸರಿದು ಅವನಿಗೊಂದು ನಾಡು ಬಿಟ್ಟುಕೊಡುತ್ತದೆ: ಶೂರ್ಪಾರಕ, ಇಂದಿನ ಮುಂಬಯಿಯ ಉತ್ತರದ ನಾಲಾ ಸೋಪಾರ. ಕೊಟ್ಟ ಆಸ್ತಿಯ ಮೇಲೆ ಕೊಟ್ಟವನ ಹಕ್ಕು ಉಳಿಯುವುದಿಲ್ಲ ಎಂಬ ದಸ್ತಾವೇಜಿನ ಮಾತಿನಿಂದಲೇ ಕತೆ ಶುರುವಾಗುತ್ತದೆ, ಗಮನಿಸಿ. ಕಾಳಿದಾಸ ರಘುವಂಶದಲ್ಲಿ ಪಶ್ಚಿಮದ ತೀರವನ್ನು ಬಣ್ಣಿಸುವಾಗ ಈ ಸಂಗತಿಯನ್ನು ಮುಟ್ಟಿ ಮುಂದೆ ಹೋಗುತ್ತಾನೆ. ಅಂದರೆ ಕತೆ ಉತ್ತರದಲ್ಲಿ ಹುಟ್ಟಿ, ಶತಮಾನಗಳ ಕಾಲ ಕರೆಯುದ್ದಕ್ಕೆ ದಕ್ಷಿಣಕ್ಕೆ ನಡೆದು ಬಂದದ್ದು.

ಹಾಗೆ ನಡೆದು ಬಂದಾಗ ಅದರ ಕೈಯಲ್ಲಿ ಊರುಗಳ ಪಟ್ಟಿಯಿತ್ತು. ಸಹ್ಯಾದ್ರಿಖಂಡ, ತುಳುನಾಡಿನ ಗ್ರಾಮಪದ್ಧತಿ, ಮಲಯಾಳದ ಕೇರಳೋಲ್ಪತ್ತಿ, ಈ ಮೂರರಲ್ಲೂ ಕೊಡಲಿಯ ಪ್ರಸಂಗ ಬೇಗ ಮುಗಿದುಹೋಗುತ್ತದೆ. ವಿಸ್ತಾರವಾಗಿ ಬರುವುದು ಯಾವ ಗ್ರಾಮ ಯಾರಿಗೆ ಎಂಬ ವಿವರ. ಒಟ್ಟು 64 ಗ್ರಾಮ; ಪಯ್ಯನ್ನೂರಿನ ಪೆರುಂಪುಳ ಹೊಳೆಯಿಂದ ಉತ್ತರಕ್ಕೆ 32, ದಕ್ಷಿಣಕ್ಕೆ 32. ಪರಶುರಾಮ ಕೈನೀರು ಎರೆದು ಬ್ರಾಹ್ಮಣರಿಗೆ ಕೊಟ್ಟದ್ದರಿಂದ ನೆಲ ಅವರ ಜನ್ಮದ ಹಕ್ಕು. ಇವತ್ತಿನ ಕಾಸರಗೋಡು ಜಿಲ್ಲೆ ಹೆಚ್ಚುಕಡಿಮೆ ಪೂರ್ತಿಯಾಗಿ ಉತ್ತರದ ಪಾಲಿಗೆ ಬರುತ್ತದೆ.

ಗ್ರಾಮಪದ್ಧತಿಯ ಪಾಠದಲ್ಲಿ ಒಂದು ತಮಾಷೆಯಿದೆ. ಹೊಸ ನೆಲಕ್ಕೆ ಬ್ರಾಹ್ಮಣರು ಸಿಗದೆ ಪರಶುರಾಮ ಮೀನುಗಾರರನ್ನೇ ಕರೆದು, ಬಲೆ ಹರಿದು ಅದರ ನೂಲನ್ನು ಜನಿವಾರವಾಗಿ ತೊಡಿಸುತ್ತಾನೆ. ಅಗತ್ಯ ಬಿದ್ದಾಗ ಕರೆಯಿರಿ, ಬರುತ್ತೇನೆ ಎನ್ನುತ್ತಾನೆ. ಅವರು ಸುಮ್ಮನೆ ಪರೀಕ್ಷೆಗೆಂದು ಕರೆದು ಶಾಪ ತಿನ್ನುತ್ತಾರೆ. ಆಮೇಲೆ ಕದಂಬ ಮಯೂರವರ್ಮ ಅಹಿಚ್ಛತ್ರದಿಂದ ಬೇರೆ ಬ್ರಾಹ್ಮಣರನ್ನು ಕರೆಸುತ್ತಾನೆ. ದೇವರು ಮಾಡಿದ ವ್ಯವಸ್ಥೆ ಕೆಟ್ಟುಹೋಗಿ ಅರಸನೊಬ್ಬ ರಿಪೇರಿ ಮಾಡಿದ ಹಾಗೆ. ಈ ಮೊದಲರ್ಧವನ್ನು ಅಕ್ಷರಶಃ ಓದಿದ ಜಮೀನುದಾರರನ್ನು ನಾನಂತೂ ಕಂಡಿಲ್ಲ.

ಕೇರಳೋಲ್ಪತ್ತಿ ಮೊದಲು ಅಚ್ಚಾದದ್ದು ಕೇರಳದಲ್ಲಲ್ಲ, ಮಂಗಳೂರಿನಲ್ಲಿ. ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಹರ್ಮನ್ ಗುಂಡರ್ಟ್ 1843ರಲ್ಲಿ ಅದನ್ನು ಹೊರತಂದರು. ಅದೇ ವರ್ಷ ಅದೇ ಮಿಶನ್ನಿನಿಂದ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ'ವೂ ಬಂತು, ಕನ್ನಡದ ಮೊದಲ ಪತ್ರಿಕೆ. ಆರು ದಿನದ ಸೃಷ್ಟಿಯನ್ನು ಸಾರಲು ಬಂದ ಪಾದ್ರಿಗಳೇ ಕೊಡಲಿಯ ಸೃಷ್ಟಿಯನ್ನೂ ಕಾಗದದ ಮೇಲೆ ಉಳಿಸಿದರು. ನಲವತ್ತನಾಲ್ಕು ವರ್ಷದ ಮೇಲೆ, 1887ರಲ್ಲಿ, ಮಲಬಾರಿನ ಕಲೆಕ್ಟರಾಗಿದ್ದ ವಿಲಿಯಂ ಲೋಗನ್ ತಮ್ಮ ಮಲಬಾರ್ ಮ್ಯಾನುಯಲ್‌ನಲ್ಲಿ ಆ ಗ್ರಂಥವನ್ನು ಕಂತೆಪುರಾಣವೆಂದು ಬದಿಗೆ ಸರಿಸಿದರು. ನೆಲದ ಮೇಲೆ ಒಂದು ಜಾತಿಯ ಹಿಡಿತ ಭದ್ರಪಡಿಸುವುದೇ ಅದರ ಉದ್ದೇಶ ಎಂದರು. ಗೇಣಿದಾರರ ದೂರುಗಳನ್ನು ವರ್ಷಗಟ್ಟಲೆ ವಿಚಾರಿಸಿದ ಅಧಿಕಾರಿಯ ಮಾತದು. ಅವರಿಗೆ ಬೇಕಾಗಿದ್ದದ್ದು ಕೊಡಲಿ ನಿಜವೋ ಎಂಬುದಲ್ಲ, ಅದರ ಹೆಸರಿನಲ್ಲಿ ಗೇಣಿ ಯಾರು ತೆಗೆದುಕೊಳ್ಳುತ್ತಿದ್ದಾರೆ ಎಂಬುದು.

ನನ್ನ ಅಭಿಪ್ರಾಯವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಸೃಷ್ಟಿಯ ಕತೆಯನ್ನು ನಮ್ಮವರು ಅಕ್ಷರಶಃ ಹಿಡಿದದ್ದು ಭಕ್ತಿ ಹೆಚ್ಚಾಗಿ ಅಲ್ಲ, ಅದು ಹಕ್ಕುಪತ್ರದ ಕೆಲಸ ಮಾಡುತ್ತಿತ್ತು ಎಂಬ ಕಾರಣಕ್ಕೆ.

ಮುರಕಲ್ಲಿನ ಸಾಕ್ಷಿ

ಹಾಗಾದರೆ ನೆಲವೇ ಏನನ್ನುತ್ತದೆ? 1800ರ ಡಿಸೆಂಬರಿನಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಪಿಕಾಸಿಯಿಂದ ಅಗೆದು ತೆಗೆಯುತ್ತಿದ್ದ ಒಂದು ಕೆಂಪುಕಲ್ಲನ್ನು ನೋಡಿ, ಮುಂದೆ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಅಲ್ಲಿಂದ ಹೊರಟವನು ಮುಂದಿನ ತಿಂಗಳು ನೀಲೇಶ್ವರ, ಬೇಕಲ, ಕುಂಬಳೆಗಳ ದಾರಿ ಹಿಡಿದು ಉತ್ತರಕ್ಕೆ ಬಂದ. ಕಾಸರಗೋಡು ಎಂದರೆ ಈ ಮುರಕಲ್ಲೇ. ಬೇಕಲದ ಕೋಟೆ ಅದರದ್ದು, ನಮ್ಮ ಹಳೆಯ ಮನೆಗಳ ಗೋಡೆ ಅದರದ್ದು, ಮಳೆಗಾಲದಲ್ಲಿ ಹುಲ್ಲು ಹೂವು ತುಂಬಿ ಬೇಸಗೆಯಲ್ಲಿ ಕಾದ ಹೆಂಚಾಗುವ ಪದವುಗಳೆಲ್ಲ ಅದರದ್ದು.

ಈ ಕಲ್ಲು ಸಮುದ್ರದಿಂದ ಎದ್ದದ್ದಲ್ಲ. ಅಡಿಯಲ್ಲಿರುವ ಗಟ್ಟಿ ಶಿಲೆಯೇ ಲಕ್ಷಾಂತರ ವರ್ಷಗಳ ಮಳೆ ಬಿಸಿಲಿಗೆ ಕೊಳೆತು, ಸಿಲಿಕಾ ತೊಳೆದುಹೋಗಿ, ಕಬ್ಬಿಣವೂ ಅಲ್ಯುಮಿನಿಯವೂ ಉಳಿದು ಹೀಗಾಗಿದೆ. ಎಣ್ಮಕಜೆ, ಪಡ್ರೆ, ಬಾಯಾರಿನ ಗುಡ್ಡೆಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಸುರಂಗ ಕೊರೆಯುವವರಿಗೆ ಈ ಪದರಗಳು ಕೈಗೆ ತಿಳಿದಿರುತ್ತವೆ: ಮೇಲೆ ಮುರ, ಕೆಳಗೆ ಮೆತ್ತಗಿನ ಶೇಡಿ, ಅದರಡಿ ಕರಿಗಲ್ಲು. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದಲ್ಲಿ, ಕೈಗುದ್ದಲಿ ಹಿಡಿದು, ಗುಡ್ಡೆಯ ಹೊಟ್ಟೆಯೊಳಗೆ ಎಷ್ಟೋ ದೂರ ಹೋದರೂ ಕಡಲ ಚಿಪ್ಪು ಸಿಗುವುದಿಲ್ಲ. ಪಶ್ಚಿಮದ ಈ ಅಂಚು ರೂಪುಗೊಂಡದ್ದು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಾಗ, ಸುಮಾರು 9 ಕೋಟಿ ವರ್ಷಗಳ ಹಿಂದೆ.

ಆದರೆ ಗುಡ್ಡೆಯಿಂದ ಇಳಿದು ಕರೆಗೆ ಬಂದರೆ ಕತೆ ಅಷ್ಟು ಸುಲಭದಲ್ಲಿ ಸೋಲುವುದಿಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಹೊತ್ತಿನಲ್ಲಿ, ಸಮುದ್ರಮಟ್ಟ ಈಗಿನದ್ದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಮೇಲೆ ಏರುತ್ತ ಬಂತು. ಆರೇಳು ಸಾವಿರ ವರ್ಷಗಳ ಹಿಂದೆ ಏರಿಕೆ ನಿಧಾನವಾಗಿ, ಕಡಲು ಹಿಂದೆ ಮುಂದೆ ಸರಿಯುತ್ತ, ಹೊಳೆಗಳು ತಂದ ಮಣ್ಣೂ ಅಲೆ ತಂದ ಮರಳೂ ಸೇರಿ ಕಿರಿದಾದ ಬಯಲೊಂದು ಬಿದ್ದಿತು. ತೃಕ್ಕರಿಪುರದ ಕಡೆಯ ವಲಿಯಪರಂಬವನ್ನು ನೋಡಿ: ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಕವ್ವಾಯಿ ಹಿನ್ನೀರು, ನಡುವೆ 20 ಕಿಲೋಮೀಟರಿಗೂ ಮಿಕ್ಕಿ ಉದ್ದದ ಮರಳುಪಟ್ಟಿ, ಅದರ ಮೇಲೆ ತೆಂಗು, ಮನೆ, ಶಾಲೆ. ಇದನ್ನು ಕಡಲು ಬಿಟ್ಟುಕೊಟ್ಟ ನೆಲ ಎಂದರೆ ಭೂವಿಜ್ಞಾನಿಯೂ ಇಲ್ಲವೆನ್ನಲಾರ. ಹೊಸ ನೆಲ ಉಪ್ಪುಪ್ಪಾಗಿತ್ತು, ಹಾವು ತುಂಬಿತ್ತು, ಹಾಗಾಗಿ ಪರಶುರಾಮ ನಾಗಗಳಿಗೆ ಬನ ಬಿಡಿಸಿಕೊಟ್ಟ ಎನ್ನುತ್ತದೆ ಕತೆ. ಉಪ್ಪುನೀರಿನ ಕಟ್ಟ ಕಟ್ಟಿ, ಎರಡು ಮಳೆಗಾಲ ತೊಳೆಸಿ, ಮೂರನೆಯದರಲ್ಲಿ ಭತ್ತ ಬಿತ್ತಿದವರ ನೆನಪು ಇದರಲ್ಲಿ ಸೇರಿರಬಹುದು. ಕೆಲವು ಕಿಲೋಮೀಟರಿನ ಕರೆಗೆ ಸರಿಯಾಗುವ ಮಾತನ್ನು ಘಟ್ಟದ ಬುಡದವರೆಗೂ ಎಳೆದದ್ದು ಊರುಗಳ ಪಟ್ಟಿ ಬರೆದವರು.

ವಿಚಾರವಂತರಿಗೆ ಪ್ರಿಯವಾದ ಇನ್ನೊಂದು ಓದು ಇದೆ: ಕೊಡಲಿ ಎಂದರೆ ಕಬ್ಬಿಣ, ಕಬ್ಬಿಣ ಎಂದರೆ ಕಾಡು ಕಡಿದು ಬೇಸಾಯ, ಹಾಗಾಗಿ ಕತೆ ಬ್ರಾಹ್ಮಣರ ವಲಸೆಯ ರೂಪಕ. ಕೇಳಲು ಚೆಂದ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚೀಮೇನಿ, ಪಿಲಿಕೋಡು ಕಡೆ ಇದೇ ಮುರಕಲ್ಲಿನಲ್ಲಿ ಕೊರೆದ ಬೃಹತ್ ಶಿಲಾಯುಗದ ಸಮಾಧಿಗುಹೆಗಳಿವೆ. ಕಬ್ಬಿಣ ಬಲ್ಲವರು ಕೊರೆದದ್ದು ಅವು, ಗ್ರಾಮದ ಪಟ್ಟಿಗಿಂತ ಬಹಳ ಹಳೆಯವು. ಕೊಡಲಿ ಇಲ್ಲಿ ಮೊದಲೇ ಇತ್ತು. ಬೇರೆಯವರ ಕೈಯಲ್ಲಿತ್ತು. ರೂಪಕ ಮಾಡಿದರೆ ಕತೆ ನಿರಪಾಯ ಎಂದು ತಿಳಿಯುವುದರಲ್ಲಿ ಈ ಅಪಾಯವಿದೆ: ಅಕ್ಷರಶಃ ಓದುವವರು ಅಳಿಸಿದ್ದ ಜನರನ್ನು ರೂಪಕವಾಗಿ ಓದುವವರೂ ಅಳಿಸಿಬಿಡುತ್ತಾರೆ.

ಆ ಜನರಿಗೂ ಅವರದ್ದೇ ಹುಟ್ಟುಕತೆಗಳಿವೆ. ಶಿವ ಮೈಗೆ ಬಳಿಯಲು ಪಾರ್ವತಿ ತಂದ ಭಸ್ಮದಲ್ಲಿ ಒಂದು ಕಲ್ಲು ಸಿಕ್ಕಿ, ಅದನ್ನು ಎಸೆದಾಗ ಗುಳಿಗನೆಂಬ ದೈವ ಹುಟ್ಟಿದ. ತುಳುವಿನ ಹಾಡುಗತೆಯಾದ ಪಾಡ್ದನದಲ್ಲಿ ಅವನ ಹಸಿವು ಕೆರೆಯ ನೀರು ಮೀನೆಲ್ಲ ನುಂಗಿದರೂ ತಣಿಯುವುದಿಲ್ಲ. ಮಧೂರಿನ ಈಶ್ವರಲಿಂಗ ಮದರು ಎಂಬ ತುಳು ಹೆಂಗಸಿಗೆ ಸಿಕ್ಕಿದ್ದು. ಅಲ್ಲಿನ ಗಣಪತಿಯೋ, ಗೋಡೆಯ ಮೇಲೆ ಹುಡುಗನೊಬ್ಬ ಬರೆದ ಚಿತ್ರ ದಿನದಿನಕ್ಕೆ ಬೊಡ್ಡಾಗುತ್ತ ಹೋದದ್ದು, ಅದಕ್ಕೇ ಊರವರಿಗೆ ಅವನು ಬೊಡ್ಡಜ್ಜ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಪರಂಪರೆ ಅರಬಿನಿಂದ ಬಂದವರನ್ನು ನೆನೆಯುತ್ತದೆ. ಅದಕ್ಕೆ ಹಿನ್ನೆಲೆಯಾದ ಚೇರಮಾನ್ ಪೆರುಮಾಳನ ಮಕ್ಕಾ ಯಾತ್ರೆ ಅದೇ ಕೇರಳೋಲ್ಪತ್ತಿಯಲ್ಲೇ ಇದೆ. ಇವುಗಳಲ್ಲಿ ಯಾವುದನ್ನೂ ಯಾರೂ ಸರ್ವೆ ನಂಬರಿನ ಮೇಲೆ ಹೂಡಲಿಲ್ಲ. ಹಾಗಾಗಿ ಇವು ನಿಜವೋ ಎಂದು ಕೇಳುವ ತುರ್ತೂ ಯಾರಿಗೂ ಬರಲಿಲ್ಲ.

ಪದ್ಯ ಅವರದ್ದು, ಅರ್ಥ ನಮ್ಮದು

ಪುರಾಣವನ್ನು ಕೈಬಿಡದೆ ಅದನ್ನು ಪಾಟೀಸವಾಲಿಗೆ ನಿಲ್ಲಿಸುವ ಒಂದು ವ್ಯವಸ್ಥೆಯೂ ಈ ಜಿಲ್ಲೆಯಲ್ಲೇ ಬೆಳೆಯಿತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಹಿಡಿದು ರಾತ್ರಿ ಕುಳಿತ ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದ ಯಕ್ಷಗಾನ ಕೂಟದಲ್ಲಿ, ಭಾಗವತರು ಹಾಡುವ ಪದ್ಯದ ಒಂದಕ್ಷರವೂ ಬದಲಾಗುವುದಿಲ್ಲ. ಆದರೆ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಅರ್ಥದಲ್ಲಿ ಪೂರ್ಣ ಸ್ವಾತಂತ್ರ್ಯ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಮರೆಯಿಂದ ಬಾಣ ಬಿಟ್ಟ ರಾಮನನ್ನು ಕೇಳುತ್ತಿದ್ದ ಪ್ರಶ್ನೆಗಳಿಗೆ ಎದುರಿನವರು ಬೆವರುತ್ತಿದ್ದರು. ಕೊನೆಗೆ ವಾಲಿ ಸಾಯಲೇಬೇಕು, ಪದ್ಯ ಹಾಗಿದೆ. ಆದರೆ ವಾದದಲ್ಲಿ ಸೋಲಬೇಕೆಂದಿಲ್ಲ. ಭೀಷ್ಮವಿಜಯ ಪ್ರಸಂಗದಲ್ಲಿ ಪರಶುರಾಮನೇ ಸಿಕ್ಕಿಬೀಳುತ್ತಾನೆ. ಭೂಮಿಯನ್ನೆಲ್ಲ ದಾನ ಮಾಡಿ ತಪಸ್ಸಿಗೆ ಹೋದವನು ಅಂಬೆಗಾಗಿ ಮತ್ತೆ ಕೊಡಲಿ ಹಿಡಿದು ಯಾರ ನೆಲದಲ್ಲಿ ನಿಂತಿದ್ದೀಯೆ ಎಂದು ಭೀಷ್ಮ ಕೇಳಬಹುದು. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಹಿರಿಯರು 1931ರಲ್ಲಿ ಬಾಗಿಲು ಮುಚ್ಚಿ ಮುಗಿಸಿದ ವಾದವನ್ನು ನಮ್ಮವರು ಚಹಾ ಕುಡಿಯುತ್ತ ಬೆಳಗಿನವರೆಗೂ ಎಳೆಯುತ್ತಾರೆ. ಮಂಜೇಶ್ವರದ ಗೋವಿಂದ ಪೈಗಳೂ ಈ ನೆಲದವರೇ. ಶಾಸನಗಳ ಮೇಲೆ ತಲೆಬಾಗಿ ತಾರೀಕು ಇತ್ಯರ್ಥ ಮಾಡುತ್ತಿದ್ದ ಅದೇ ಕೈ ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆಯಿತು.

ಎಡನೀರಿನಿಂದ ದೆಹಲಿಗೆ

ನೆಲದ ಹಕ್ಕಿನ ವಾದ ಬೀದಿಗೆ ಬಂದದ್ದು ಕಯ್ಯೂರಿನಲ್ಲಿ. 1941ರ ಮಾರ್ಚಿನಲ್ಲಿ ಜನ್ಮಿಗಳ, ಅಂದರೆ ಭೂಮಾಲಿಕರ, ವಿರುದ್ಧ ಎದ್ದ ರೈತರ ಮೆರವಣಿಗೆಗೆ ಸಿಕ್ಕಿದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಕನ್ನಡದ ಓದುಗರಿಗೆ ಇದು ನಿರಂಜನರ 'ಚಿರಸ್ಮರಣೆ'ಯಿಂದ ಗೊತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಅದರೊಂದಿಗೆ ಕೇರಳದ ಭೂಸುಧಾರಣೆಯೂ ಬಂತು. 1969ರ ತಿದ್ದುಪಡಿ ಜಾರಿಯಾದ 1970ರ ಜನವರಿ 1ರಿಂದ ಗೇಣಿದಾರನ ನೆಲದ ಮೇಲೆ ಜನ್ಮಿಗಿದ್ದ ಹಕ್ಕು ಸರ್ಕಾರದ ಪಾಲಾಯಿತು. ಕೈನೀರು ಎರೆದು ಕೊಟ್ಟ ದಾನ, ಮೂಲಗೇಣಿ, ಚಾಲಗೇಣಿ ಎಲ್ಲಕ್ಕೂ ಒಂದೇ ತಾರೀಕು.

ಚೆರ್ಕಳದಿಂದ ಬದಿಯಡ್ಕದ ಕಡೆ ಹೋಗುವ ದಾರಿಯಲ್ಲಿ ಎಡನೀರು ಮಠ. ಶಂಕರರ ಶಿಷ್ಯ ತೋಟಕಾಚಾರ್ಯರ ಪರಂಪರೆ ತಮ್ಮದೆಂದು ಹೇಳುವ ಮಠ ಅದು. ಆಗ ಪೀಠದಲ್ಲಿದ್ದವರು 30 ದಾಟದ ಕೇಶವಾನಂದ ಭಾರತಿ ಸ್ವಾಮೀಜಿ. ಯಕ್ಷಗಾನದಲ್ಲಿ ಬಹಳ ಪ್ರೀತಿ, ಸ್ವತಃ ಭಾಗವತಿಕೆ ಮಾಡುತ್ತಿದ್ದವರು. 1970ರ ಮಾರ್ಚಿನಲ್ಲಿ ಮಠದ ಜಮೀನಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ನಿಂತದ್ದು ಸಂವಿಧಾನದ ಮೂಲಭೂತ ಹಕ್ಕುಗಳ ಮೇಲೆ: ಧರ್ಮ, ಆಸ್ತಿ, ಸಮಾನತೆ. ಸಾವಿರ ವರ್ಷ ಕರಾವಳಿಯ ನೆಲಕ್ಕೆ ಆಧಾರವೆನಿಸಿದ್ದ ಕೊಡಲಿ ದೆಹಲಿಯಲ್ಲಿ ಕೆಲಸಕ್ಕೆ ಬಾರದ ದಾಖಲೆ.

13 ನ್ಯಾಯಾಧೀಶರು 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಕೊಟ್ಟರು. ಸ್ವಾಮೀಜಿಗೆ ಜಮೀನು ಸಿಗಲಿಲ್ಲ. ಭೂಸುಧಾರಣೆ ಕಾಯ್ದೆಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿದ 29ನೇ ತಿದ್ದುಪಡಿ ಉಳಿಯಿತು. ಆದರೆ ತೀರ್ಪಿನ ಇನ್ನೊಂದು ಭಾಗ ಈ ಲೇಖನದ ವಿಷಯಕ್ಕೇ ಸೇರಿದ್ದು. ಸಂವಿಧಾನದ 368ನೇ ವಿಧಿಯನ್ನು ಅಕ್ಷರಶಃ ಓದಿದರೆ ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೆ ಎಲ್ಲೆಯೇ ಇಲ್ಲ. ಏಳು ಮಂದಿ ಹಾಗೆ ಓದಲಿಲ್ಲ. ಗ್ರಂಥಕ್ಕೊಂದು ಮೂಲ ಸ್ವರೂಪವಿದೆ, ಯಾವ ವಾಕ್ಯದಲ್ಲೂ ಬರೆಯದಿದ್ದರೂ ಅದನ್ನು ಕೆಡಿಸುವಂತಿಲ್ಲ ಎಂದರು. ಆರು ಮಂದಿ ಒಪ್ಪಲಿಲ್ಲ. ಪದ್ಯ ಹಿಡಿದವರಿಗೂ ಅರ್ಥ ಹಿಡಿದವರಿಗೂ ನಡುವೆ ಒಂದೇ ಮತದ ಅಂತರ. ಸ್ವಾಮೀಜಿ 2020ರ ಸೆಪ್ಟೆಂಬರ್ 6ರಂದು ತೀರಿಕೊಂಡಾಗ ದೇಶದ ಪತ್ರಿಕೆಗಳು ಮುಖಪುಟದಲ್ಲಿ ಬರೆದದ್ದು ಈ ಅರ್ಜಿಯ ಬಗ್ಗೆ.

ನೆಲದ ಹಕ್ಕಿನ ಕೆಲಸ ಕಳೆದುಕೊಂಡ ಮೇಲೆ ಪರಶುರಾಮ ಬಿಡುವಾಗಿದ್ದಾನೆ. ಮಂಗಳೂರಿನಿಂದ ಕೇರಳದುದ್ದಕ್ಕೂ ತೆಂಕಣ ತುದಿಯತ್ತ ಓಡುವ ರೈಲಿಗೆ ಅವನ ಹೆಸರಿದೆ. 2023ರ ಜನವರಿಯಲ್ಲಿ ಕಾರ್ಕಳದ ಉಮಿಕಲ್ ಗುಡ್ಡೆಯಲ್ಲಿ ಅವನ ಎತ್ತರದ ಪ್ರತಿಮೆ ನಿಂತಿತು. ವರ್ಷ ತುಂಬುವ ಮೊದಲೇ ಅದು ಹೇಳಿದಂತೆ ಕಂಚಿನದ್ದೇ ಅಲ್ಲವೇ ಎಂಬ ಗಲಾಟೆ ಎದ್ದು, ಮೇಲಿನ ಅರ್ಧ ಕೆಳಗಿಳಿದು, ವಿಷಯ ಪೊಲೀಸು ಕೋರ್ಟು ಹತ್ತಿತು. ಅವತಾರದ ಬಗ್ಗೆ ಯಾರದೂ ತಕರಾರಿಲ್ಲ. ಲೋಹದ ಬಗ್ಗೆ ಮಾತ್ರ ಎಲ್ಲರಿಗೂ ಅಕ್ಷರಶಃ ಉತ್ತರ ಬೇಕು.

ಕಡಲು ಈಗ ಕೊಟ್ಟದ್ದನ್ನು ವಾಪಸು ಕೇಳುತ್ತಿದೆ. ಉಪ್ಪಳದ ಮುಸೋಡಿಯಲ್ಲಿ, ಬೇಕಲದ ಬಳಿಯ ತೃಕ್ಕನ್ನಾಡಿನಲ್ಲಿ ಮಳೆಗಾಲ ಬಂದರೆ ತೆಂಗಿನಮರ, ರಸ್ತೆ, ಮನೆಯ ಜಗಲಿ ಕೊರೆದುಹೋಗುತ್ತವೆ. ಅಲ್ಲಿರುವವರು ಹೆಚ್ಚಾಗಿ ಮೀನುಗಾರರು, ಗ್ರಾಮಪದ್ಧತಿಯಲ್ಲಿ ಬಲೆಯ ನೂಲು ತೊಟ್ಟು ಶಾಪ ತಿಂದವರ ಕಡೆಯವರು. ಕಡಲಿನಿಂದ 50 ಮೀಟರಿನೊಳಗಿನ ಮೀನುಗಾರ ಕುಟುಂಬಗಳನ್ನು ಒಳಕ್ಕೆ ಸರಿಸಲು ಕೇರಳ ಸರ್ಕಾರ 'ಪುನರ್‌ಗೇಹಂ' ಯೋಜನೆ ತಂದಾಗ ಗೊತ್ತುಮಾಡಿದ ಮೊತ್ತ ಕುಟುಂಬಕ್ಕೆ 10 ಲಕ್ಷ ರೂಪಾಯಿ: ನೆಲಕ್ಕೆ 6 ಲಕ್ಷ, ಮನೆಗೆ 4 ಲಕ್ಷ. ಆರು ಲಕ್ಷಕ್ಕೆ ಹೆದ್ದಾರಿಯ ಮೂಡು ಬದಿಯಲ್ಲಿ ಎಷ್ಟು ಸೆಂಟ್ಸ್ ಜಾಗ ಸಿಗುತ್ತದೆ, ಅದಕ್ಕೆ ಕಾಗದ ಸರಿಯಿದೆಯೇ ಎಂದು ಅವರು ಬ್ರೋಕರರನ್ನು ವಿಚಾರಿಸುತ್ತಿದ್ದಾರೆ.